ಮರುಮಾತಿನ ಯಂತ್ರ

ಆಕಾಶವಾಣಿಯ ಮಾತಿಗೆ ಗುಬ್ಬಿಯಲ್ಲಿಯೋ ಕುಣಿಗಲಿನಲ್ಲಿಯೋ ಕುಳಿತ ಶ್ರೋತೃಗಳು ಅಲ್ಲಿಂದಲೇ ಮರುಮಾತಾಡುವಂತಿಲ್ಲ. ನೆರೆ, ಗಲಭೆ, ಯುದ್ಧಗಳ ಹೊತ್ತಿನಲ್ಲಿ ಪೊಲೀಸರಿಗೂ ಸೈನಿಕರಿಗೂ ಬೇಕಾದದ್ದು ಆ ಮರುಮಾತೇ. ಅಂಥ ನಿಸ್ತಂತು ಯಂತ್ರಗಳಿಗೆ ಪರದೇಶಗಳನ್ನೇ ನೆಚ್ಚಿರುವುದು ತರವಲ್ಲವೆಂದು ಭಾರತ ಸರ್ಕಾರವು 1954ರಲ್ಲಿ, ಫ್ರಾನ್ಸಿನ ಸಿ.ಎಸ್.ಎಫ್. ಕಂಪನಿಯ ಸಹಯೋಗದೊಡನೆ, ಭಾರತ್ ಎಲೆಕ್ಟ್ರಾನಿಕ್ಸ್ ಸಂಸ್ಥೆಯನ್ನು ಸ್ಥಾಪಿಸಿತು. ತುಮಕೂರಿನಿಂದ ಹೊರಟವರಿಗೆ ಬೆಂಗಳೂರು ಹೊಗುವಾಗ ಎಡಗಡೆಗೆ ಸಿಗುವ ಜಾಲಹಳ್ಳಿಯೇ ಅದರ ನೆಲೆ.

ತಯಾರಿಕೆ 1956ರಲ್ಲಿ ಮೊದಲಾಯಿತು. ಯಂತ್ರದ ಜೀವದಂತಿದ್ದ ವಾಲ್ವುಗಳನ್ನು ಸಂಸ್ಥೆ ತಾನೇ ಮಾಡತೊಡಗಿದ್ದು 1961ರಲ್ಲಿ. ವಾಲ್ವೆಂದರೆ ಗಾಜಿನ ಬುರುಡೆ. ಒಳಗಿನ ಎಳೆ ಕಾಯದೆ ಮಾತು ಹೊರಡದು, ಕಾಯಿಸುವುದಕ್ಕೆ ವಿದ್ಯುತ್ತು ಬೇಕು, ವಿದ್ಯುತ್ತಿಗಾಗಿ ಭಾರವಾದ ಬ್ಯಾಟರಿ. ಎಳೆ ಕಾಯುವವರೆಗೆ ಅಪಾಯ ಕಾಯುತ್ತ ಕೂಡುವುದಿಲ್ಲವಷ್ಟೆ. 1962ರಲ್ಲಿ ಜರ್ಮೇನಿಯಂ ಅರೆವಾಹಕಗಳ ತಯಾರಿಕೆ ಆರಂಭವಾಯಿತು. ಕಾಯಿಸಬೇಕಿಲ್ಲದ ಈ ಕಾಳಿನಷ್ಟು ವಸ್ತುವಿನಿಂದಲೇ ನಿಸ್ತಂತು ಯಂತ್ರ ಹಗುರವಾದದ್ದು. 1966ರಲ್ಲಿ ಸಂಸ್ಥೆ ಕೈಗೊಂಡ ರೇಡಾರಿನ ಕೆಲಸಕ್ಕಿಂತ ಇದೇ ದೊಡ್ಡ ತಿರುವೆಂದು ನನ್ನ ಎಣಿಕೆ.

ಇಂಥ ಯಂತ್ರದಲ್ಲಿ ಸಾಮಾನ್ಯವಾಗಿ ಗುಂಡಿ ಒತ್ತಿದರೆ ಮಾತು, ಬಿಟ್ಟರೆ ಆಲಿಸುವಿಕೆ. ಇಬ್ಬರೂ ಒಮ್ಮೆಗೇ ಆಡುವಂತಿಲ್ಲ. (ನಮ್ಮ ಸಾಹಿತ್ಯ ಸಭೆಗಳಿಗೂ ಅಂಥದೊಂದು ಗುಂಡಿ ಇರಬೇಕಿತ್ತು!) ಸೈನ್ಯಕ್ಕೆಂದು ಹುಟ್ಟಿದ ಸಂಸ್ಥೆಯ ಉಪಕರಣಗಳು ಕ್ರಮೇಣ ಪೊಲೀಸ್ ಪಡೆಗಳಿಗೂ ಸಂದವು. ಮರುಮಾತಿಲ್ಲದ ಆಕಾಶವಾಣಿಗೂ 1964ರಿಂದ ಪ್ರೇಷಕಗಳು ಸಿದ್ಧವಾದದ್ದು ಇದೇ ಸಂಸ್ಥೆಯಲ್ಲಿ.