ಚಳಿಯನ್ನು ಗೆದ್ದ ಬೆರಕೆ

ಬೆರಕೆ ಎಂಬ ಮಾತಿಗೆ ನಮ್ಮಲ್ಲಿ ಒಳ್ಳೆಯ ಹೆಸರಿಲ್ಲ. ಹಾಲಿಗೆ ನೀರು ಬೆರೆಸಿದವನನ್ನೂ ತುಪ್ಪಕ್ಕೆ ವನಸ್ಪತಿ ಬೆರೆಸಿದವನನ್ನೂ ನಾವು ಕ್ಷಮಿಸುವುದಿಲ್ಲ. ಚೊಕ್ಕವಾದದ್ದೇ ಮೇಲು, ಬೆರೆತದ್ದು ಕೀಳು ಎಂಬುದು ಲೋಕರೂಢಿ. ಈ ರೂಢಿಯನ್ನು ತಲೆಕೆಳಗು ಮಾಡಿದ ಒಂದು ಬೆರಕೆಯುಂಟು. ಮೋಟಾರು ಗಾಡಿಯ ರೇಡಿಯೇಟರಿನಲ್ಲಿ ಯಾರ ಕಣ್ಣಿಗೂ ಬೀಳದೆ ಸುತ್ತುತ್ತಿರುವ ಆ ದ್ರವಕ್ಕೂ ಒಂದು ಚರಿತ್ರೆಯಿದೆ.

ನಮ್ಮ ನಾಡಿನವರಿಗೆ ಇದರ ಅಗತ್ಯ ಸುಲಭವಾಗಿ ಹೊಳೆಯುವುದಿಲ್ಲ. ಬೆಂಗಳೂರಿನಲ್ಲಿ ದಾಖಲಾದ ಅತ್ಯಂತ ಕಡಿಮೆ ಉಷ್ಣತೆ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರ ಮಾತು. ಅಂದು ಊರಿನವರು ಕಂಬಳಿ ಹೊದ್ದು ನಡುಗಿರಬಹುದು, ಆದರೆ ಕೊಡದ ನೀರು ನೀರಾಗಿಯೇ ಇದ್ದಿತು. ಸೈಬೀರಿಯದ ಒಯ್ಮ್ಯಕೋನ್ ಎಂಬ ಹಳ್ಳಿಯ ಸಂಗತಿ ಬೇರೆ. ಅಲ್ಲಿ 1933ರ ಫೆಬ್ರವರಿಯಲ್ಲಿ ಉಷ್ಣತೆ ಸೊನ್ನೆಗಿಂತ 67.7 ಡಿಗ್ರಿ ಕೆಳಗಿಳಿಯಿತು. ಅಂಥ ಕಡೆ ರಾತ್ರಿ ಬೀದಿಯಲ್ಲಿ ನಿಲ್ಲಿಸಿದ ಗಾಡಿಯ ಗತಿಯೇನು?

ಎಂಜಿನ್ನಿನಲ್ಲಿ ಪೆಟ್ರೋಲು ಉರಿದಾಗ ಹುಟ್ಟುವ ಶಾಖದಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ತಣಿಸುವ ದ್ರವವೇ ಹೊತ್ತು ಹೊರಗೆ ಹಾಕಬೇಕು. ಇದಕ್ಕಾಗಿ ಜರ್ಮನಿಯ ವಿಲ್ಹೆಲ್ಮ್ ಮೇಬಾಕ್ 1900ರ ಸುಮಾರಿಗೆ ಜೇನುಗೂಡಿನಂಥ ರೇಡಿಯೇಟರನ್ನು ರೂಪಿಸಿ ಮರ್ಸಿಡಿಸ್ ಕಾರಿಗೆ ಅಳವಡಿಸಿದನು. ಅದರಲ್ಲಿ 8,000ಕ್ಕೂ ಹೆಚ್ಚು ಸಣ್ಣ ನಾಳಗಳಿದ್ದುವು. ಶಾಖ ಹೊರುವ ಕೆಲಸಕ್ಕೆ ನೀರಿಗಿಂತ ಉತ್ತಮವಾದ ಆಳು ಸಿಗುವುದು ಕಷ್ಟ. ಮೇಲಾಗಿ ಅದು ಬಾವಿಯಲ್ಲೇ ಸಿಗುವಂಥದು. ಆದರೆ ಅದಕ್ಕೊಂದು ದುರ್ಗುಣವಿದೆ. ಹೆಪ್ಪುಗಟ್ಟುವಾಗ ನೀರು ನೂರಕ್ಕೆ ಒಂಬತ್ತು ಪಾಲಿನಷ್ಟು ಹಿಗ್ಗುತ್ತದೆ. ಶೀಸೆಯ ತುಂಬ ನೀರು ತುಂಬಿ ಫ್ರಿಜ್ಜಿನ ಮಂಜುಗಡ್ಡೆಯ ಅರೆಯಲ್ಲಿಟ್ಟು ಮರೆತವರು ಬೆಳಗ್ಗೆ ಕಾಣುವುದು ಒಡೆದ ಗಾಜನ್ನು. ಆ ಹಿಗ್ಗಿಗೆ ಎಂಜಿನ್ನಿನ ಎರಕದ ಕಬ್ಬಿಣವೂ ಸೀಳಿಬಿಡುತ್ತದೆ.

ಆದಕಾರಣ ಮೊದಲ ಕಾಲದ ಚಾಲಕರು ಸಂಜೆ ಗಾಡಿ ನಿಲ್ಲಿಸಿ ನೀರನ್ನೆಲ್ಲ ಬಸಿಯುವರು. ಬೆಳಗ್ಗೆ ಒಲೆಯ ಮೇಲೆ ಕಾಯಿಸಿದ ನೀರನ್ನು ಸುರಿದು ಹೊರಡುವರು. ಒಂದು ಸಂಜೆ ಮರೆತರೆ ಎಂಜಿನ್ ಹೋಯಿತು. ಈ ಕಾಟ ತಪ್ಪಿಸಿಕೊಳ್ಳಲು ಜನ ನೀರಿಗೆ ಏನೇನನ್ನೋ ಬೆರೆಸಿ ನೋಡಿದರು. ಐಸ್‌ಕ್ರೀಮ್ ಕಡೆಯುವವರು ಮಂಜುಗಡ್ಡೆಗೆ ಉಪ್ಪು ಸುರಿಯುವುದನ್ನು ನಾವೆಲ್ಲ ಬಲ್ಲೆವು. ಉಪ್ಪುನೀರು ಬೇಗ ಹೆಪ್ಪುಗಟ್ಟದು. ಆದರೆ ಅದು ಲೋಹವನ್ನು ತಿಂದುಹಾಕಿತು. ಸಕ್ಕರೆ, ಜೇನುಗಳು ನಾಳಗಳಲ್ಲಿ ಅಂಟಿ ಕುಳಿತುವು. ಗ್ಲಿಸರಿನ್ ಒಳ್ಳೆಯದೇ, ಆದರೆ ಮಂದ, ಬೆಲೆಯೂ ಹೆಚ್ಚು. ಕೊನೆಗೆ ಬಹುಮಂದಿ ಮದ್ಯಸಾರಕ್ಕೆ ಒಲಿದರು. ಅದು ಅಗ್ಗ, ಆದರೆ ನಂಬಿಕೆಗೆ ಯೋಗ್ಯವಲ್ಲ. 78 ಡಿಗ್ರಿಗೇ ಕುದಿಯುವ ಈ ವಸ್ತು ಬಿಸಿಯೇರಿದಾಗ ಆವಿಯಾಗಿ ಹಾರಿಹೋಗುತ್ತಿತ್ತು. ಕಾವಲುಗಾರ ಓಡಿಹೋದದ್ದು ಮನೆಯೊಡೆಯನಿಗೆ ತಿಳಿಯುತ್ತಿದ್ದುದು ಮರುದಿನದ ಕೊರೆಯುವ ಚಳಿಯಲ್ಲೇ!

ಇದಕ್ಕೆ ಮದ್ದು ಅದಾಗಲೇ ಸಿದ್ಧವಾಗಿತ್ತು, ಯಾರೂ ಕೇಳುವವರಿರಲಿಲ್ಲ. ಫ್ರಾನ್ಸಿನ ರಸಾಯನ ವಿಜ್ಞಾನಿ ಚಾರ್ಲ್ಸ್ ಅಡಾಲ್ಫ್ ವುರ್ಟ್ಸ್ 1856ರಲ್ಲಿ ಸಿಹಿಯಾದ, ಬಣ್ಣವಿಲ್ಲದ ಒಂದು ದ್ರವವನ್ನು ತಯಾರಿಸಿದ್ದನು. ಗುಣದಲ್ಲಿ ಅದು ಗ್ಲಿಸರಿನ್ನಿಗೂ ಆಲ್ಕೊಹಾಲಿಗೂ ನಡುವಣದು. ಆದ್ದರಿಂದ ಎರಡರ ಹೆಸರನ್ನೂ ಕೂಡಿಸಿ 'ಗ್ಲೈಕಾಲ್' ಎಂದು ಕರೆದನು. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದು ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿಯಿತು. ಮೊದಲು ಅದನ್ನು ದೊಡ್ಡದಾಗಿ ಬೇಡಿದವರು ಮೋಟಾರಿನವರಲ್ಲ, ಸಿಡಿಮದ್ದಿನವರು. ಚಳಿಗೆ ಗಟ್ಟಿಯಾದ ಡೈನಮೈಟನ್ನು ಕರಗಿಸಲು ಹೋಗಿ ಕೆಲಸಗಾರರು ಪ್ರಾಣ ಕಳೆದುಕೊಳ್ಳುತ್ತಿದ್ದರು. ಗ್ಲೈಕಾಲಿನಿಂದ ಮಾಡಿದ ಮದ್ದನ್ನು ಕೂಡಿಸಿದ ಮೇಲೆ ಆ ಅಪಾಯ ಇಳಿಯಿತು. ಅಮೆರಿಕದಲ್ಲಿ 1927ರಲ್ಲಿ 'ಪ್ರೆಸ್ಟೋನ್' ಎಂಬ ಹೆಸರಿನಿಂದ ಗ್ಲೈಕಾಲ್ ಮೋಟಾರಿನ ಅಂಗಡಿಗೆ ಬಂತು. 197 ಡಿಗ್ರಿಯವರೆಗೂ ಕುದಿಯದ ಇದು ಹಾರಿಹೋಗುವ ಪೈಕಿಯಲ್ಲ.

ಕೌತುಕವಿರುವುದು ಇನ್ನು ಮುಂದೆ. ನೀರು ಸೊನ್ನೆಯಲ್ಲಿ ಹೆಪ್ಪುಗಟ್ಟುತ್ತದೆ. ಚೊಕ್ಕ ಗ್ಲೈಕಾಲೂ ಸೊನ್ನೆಗಿಂತ 13 ಡಿಗ್ರಿ ಕೆಳಗೆ ಹೆಪ್ಪುಗಟ್ಟುತ್ತದೆ. ಎರಡನ್ನೂ ಸಮಸಮವಾಗಿ ಬೆರೆಸಿದರೆ ಸುಮಾರು 37 ಡಿಗ್ರಿ ಕೆಳಗಿನವರೆಗೂ ದ್ರವವಾಗಿಯೇ ಉಳಿಯುತ್ತದೆ! ನೂರಕ್ಕೆ 60 ಭಾಗ ಗ್ಲೈಕಾಲ್ ಇದ್ದರೆ 50 ಡಿಗ್ರಿ ಕೆಳಗಿನ ಚಳಿಗೂ ಜಗ್ಗದು. ನೀರಿನ ಕಣಗಳು ಸಾಲುಗಟ್ಟಿ ಹರಳಾಗಹೊರಟರೆ ಗ್ಲೈಕಾಲಿನ ಕಣ ನಡುವೆ ನುಗ್ಗಿ ತಡೆಯುತ್ತದೆ. ಗ್ಲೈಕಾಲಿನ ಕಣಗಳು ಹರಳಾಗಹೊರಟರೆ ನೀರು ತಡೆಯುತ್ತದೆ. ಹಾಗೆಂದು ಚಳಿ ಹೆಚ್ಚಿದಷ್ಟೂ ಗ್ಲೈಕಾಲನ್ನು ಹೆಚ್ಚು ಸುರಿಯುವುದು ಜಾಣತನವಲ್ಲ. ನೂರಕ್ಕೆ 70 ಭಾಗ ದಾಟಿದ ಮೇಲೆ ಬೆರಕೆಯ ಬಲ ಕುಂದುತ್ತ ಹೋಗುತ್ತದೆ. ದ್ರವ ಮಂದವಾಗುತ್ತದೆ, ಶಾಖ ಹೊರುವ ಶಕ್ತಿಯೂ ತಗ್ಗುತ್ತದೆ. ಬೆಲೆಯುಳ್ಳ ವಸ್ತುವನ್ನು ಧಾರಾಳವಾಗಿ ಸುರಿದವನೇ ಇಲ್ಲಿ ಕೆಡುವವನು.

ಈ ಪಾಠವನ್ನು ವಿಮಾನದವರೂ ಕಲಿಯಬೇಕಾಯಿತು. ಬ್ರಿಟನ್ನಿನ ಪ್ರಸಿದ್ಧ ಸ್ಪಿಟ್‌ಫೈರ್ ವಿಮಾನದ ಮೆರ್ಲಿನ್ ಎಂಜಿನ್ನಿಗೆ ಮೊದಲು ಚೊಕ್ಕ ಗ್ಲೈಕಾಲನ್ನೇ ತುಂಬುತ್ತಿದ್ದರು. ಅದಕ್ಕೆ ಬೆಂಕಿ ತಗಲುವ ಭಯವೂ ಇತ್ತು. ಮುಂದೆ 70 ಭಾಗ ನೀರು, 30 ಭಾಗ ಗ್ಲೈಕಾಲಿನ ಬೆರಕೆಯನ್ನು ಒತ್ತಡದಲ್ಲಿ ಓಡಿಸಿದಾಗ ಎಂಜಿನ್ ಇನ್ನೂ ಚೆನ್ನಾಗಿ ತಣಿಯಿತು.

ಹದ ಗೊತ್ತಿದ್ದರೆ ಸಾಲದು, ವಸ್ತು ಕೈಯಲ್ಲಿರಬೇಕು. 1941ರ ಡಿಸೆಂಬರಿನಲ್ಲಿ ಜರ್ಮನ್ ಸೈನ್ಯ ಮಾಸ್ಕೋ ನಗರದ ಹೊಸ್ತಿಲಲ್ಲಿತ್ತು. ಚಳಿಗೆ ಮೊದಲೇ ಯುದ್ಧ ಮುಗಿಯುವುದೆಂದು ನಂಬಿದ್ದ ಆ ಸೈನ್ಯಕ್ಕೆ ಬೆಚ್ಚನೆಯ ಬಟ್ಟೆಯೂ ಸಾಲದು, ಗ್ಲೈಕಾಲೂ ಸಾಲದು. ಉಷ್ಣತೆ 30 ಡಿಗ್ರಿಗೂ ಕೆಳಗಿಳಿದಾಗ ಟ್ಯಾಂಕುಗಳ ಅಡಿಯಲ್ಲಿ ಬೆಂಕಿ ಹಾಕಿದರು; ರಾತ್ರಿಯೆಲ್ಲ ಆಗಾಗ ಎಂಜಿನ್ ಓಡಿಸಿ, ಮೊದಲೇ ಕೊರತೆಯಾಗಿದ್ದ ಎಣ್ಣೆಯನ್ನು ಸುಟ್ಟರು. ರೈಲು ಎಂಜಿನ್ನುಗಳ ಹೊರಮೈಯ ಕೊಳವೆಗಳು ಹೆಪ್ಪುಗಟ್ಟಿ ಒಡೆದು ಸರಬರಾಜು ನಿಂತಿತು. ಅವರ ಸೋಲಿಗೆ ಇದೊಂದೇ ಕಾರಣವಲ್ಲ. ಎದುರು ನಿಂತವರೂ ಅದೇ ಚಳಿಯಲ್ಲೇ ಹೋರಾಡಿದರು. ಆದರೆ ಅವರು ಅದನ್ನು ಮೊದಲೇ ಬಲ್ಲವರಾಗಿದ್ದರು.

ಇಂದು ನಮ್ಮವರೂ ಸ್ವಂತ ಕಾರಿನಲ್ಲಿ ಲಡಾಖಿಗೆ ಹೋಗಿಬರುವ ಕಾಲ. ದ್ರಾಸಿನ ಚಳಿಗಾಲದಲ್ಲಿ ಉಷ್ಣತೆ ಸೊನ್ನೆಗಿಂತ 20 ಡಿಗ್ರಿ ಕೆಳಗಿಳಿಯುವುದು ಅಪರೂಪವಲ್ಲ. ಬೆಂಗಳೂರಿನಲ್ಲಿ ಬೇಸಗೆಯುದ್ದಕ್ಕೂ ರೇಡಿಯೇಟರಿಗೆ ಒಂದೊಂದು ತಂಬಿಗೆ ನಲ್ಲಿನೀರು ಸುರಿಯುತ್ತ ಬಂದವರ ಗಾಡಿಯಲ್ಲಿ ಬೆರಕೆ ತೆಳುವಾಗಿ ಬರಿಯ ನೀರೇ ಉಳಿದಿರಬಹುದು. ಬಣ್ಣ ನೋಡಿ ಬಲ ತಿಳಿಯದು. ಹೊರಡುವ ಮೊದಲು ಅಳತೆಯ ಉಪಕರಣದಿಂದ ಪರೀಕ್ಷಿಸಿಕೊಳ್ಳಬೇಕು. ಹೊಸದಾಗಿ ಬೆರೆಸುವುದಾದರೆ ಭಟ್ಟಿ ಇಳಿಸಿದ ನೀರೇ ಆಗಬೇಕು. ಗಡಸು ನೀರು ನಾಳಗಳಲ್ಲಿ ಕರೆ ಕಟ್ಟುತ್ತದೆ. ಇನ್ನೊಂದು ಎಚ್ಚರಿಕೆ: ಗ್ಲೈಕಾಲಿನ ಸಿಹಿ ಮೋಸದ ಸಿಹಿ. ಹೊಟ್ಟೆಗೆ ಹೋದರೆ ಅದು ಮೂತ್ರಪಿಂಡವನ್ನು ಕೆಡಿಸಿ ಪ್ರಾಣ ತೆಗೆಯಬಲ್ಲದು. ಕುಡಿಯುವ ನೀರಿನ ಬಾಟಲಿಯಲ್ಲಿ ಅದನ್ನು ತುಂಬಿಡಲೇಬಾರದು. ಮಕ್ಕಳ, ನಾಯಿಗಳ ಬಾಯಿಗೆ ನಿಲುಕದಂತೆ ಇಡಬೇಕು.

ಚಳಿಯೊಡನೆ ಒಂಟಿಯಾಗಿ ಕಾದಿದ ನೀರು ಸೋತಿತು. ಒಂಟಿಯಾಗಿ ನಿಂತ ಗ್ಲೈಕಾಲೂ ಬಹುದೂರ ಹೋಗಲಿಲ್ಲ. ಎರಡೂ ಹದವಾಗಿ ಕೂಡಿದಾಗ ಚಳಿಯೇ ಹಿಂದೆಗೆಯಿತು. ಪಾಕ ಹಿಡಿಯುವ ಅಡಿಗೆಯವರಿಗೂ ಮದ್ದು ಅರೆಯುವ ವೈದ್ಯರಿಗೂ ಗೊತ್ತಿದ್ದ ಹದದ ಮಾತನ್ನು ಮೋಟಾರಿನವರು ಒಡೆದ ಎಂಜಿನ್ನುಗಳ ಬೆಲೆ ತೆತ್ತು ಕಲಿತರು.