ಕಲ್ಲಿದ್ದಲ ಉಪಕರ: ಒಂದು ನಿಧಿಯ ಚರಿತ್ರೆ

ಬೆಳೆಯುತ್ತಿರುವ ರಾಷ್ಟ್ರವೊಂದರ ಶಕ್ತಿನೀತಿಯನ್ನು ಅದರ ಘೋಷಣೆಗಳಿಂದ ಅರಿಯುವುದಕ್ಕಿಂತ ಜಮಾಖರ್ಚಿನಿಂದ ಅರಿಯುವುದು ಮೇಲು. ಭಾರತ ಸರ್ಕಾರದ ಕಲ್ಲಿದ್ದಲ ಉಪಕರವು ಇದಕ್ಕೊಂದು ನಿದರ್ಶನ.

1973ರ ರಾಷ್ಟ್ರೀಕರಣದ ತರುವಾಯ ಕಲ್ಲಿದ್ದಲ ಗಣಿಗಳು ಬಹುಮಟ್ಟಿಗೆ ಸರ್ಕಾರದ ಸ್ವಾಮ್ಯಕ್ಕೆ ಬಂದವು. 1975ರಲ್ಲಿ ಕೋಲ್ ಇಂಡಿಯಾ ಸ್ಥಾಪಿತವಾಯಿತು. ಅಗ್ಗದ ಇಂಧನವನ್ನೊದಗಿಸುವುದು ರಾಜ್ಯದ ಹೊಣೆಯೆಂಬ ಭಾವನೆ ಬೇರೂರಿತು. ಈ ಪೋಷಣೆಯು ನೇರವಾದ ಸಹಾಯಧನಕ್ಕಿಂತ ಹೆಚ್ಚಾಗಿ ಬೆಲೆಯ ನಿಯಂತ್ರಣದಲ್ಲಿಯೂ, ಹೊಗೆ-ಬೂದಿಗಳ ಹಾನಿಯನ್ನು ಲೆಕ್ಕಕ್ಕೆ ಹಿಡಿಯದಿರುವುದರಲ್ಲಿಯೂ ಅಡಗಿತ್ತು. ಆದರೆ ಕಲ್ಲಿದ್ದಲು ಪಡೆದುದು ಮಾತ್ರವಲ್ಲ, ಕೊಟ್ಟುದೂ ಉಂಟು. ಅದರ ಸಾಗಣೆಯ ಲಾಭದಿಂದಲೇ ರೈಲ್ವೆಯು ಪ್ರಯಾಣಿಕರ ದರದ ನಷ್ಟವನ್ನು ತುಂಬಿಕೊಳ್ಳುತ್ತ ಬಂದಿದೆ.

2010ರ ಜುಲೈಯಲ್ಲಿ ಟನ್ನಿಗೆ 50 ರೂಪಾಯಿಗಳಂತೆ ಉಪಕರವು ಜಾರಿಗೆ ಬಂದಿತು. ಹಳೆಯ ಇಂಧನದ ಹಣದಿಂದ ಸೂರ್ಯ, ವಾಯು ಮೊದಲಾದವುಗಳ ಶಕ್ತಿಯನ್ನು ಪೋಷಿಸಬೇಕೆಂಬುದು ಉದ್ದೇಶ. ಅದಕ್ಕಾಗಿ ರಾಷ್ಟ್ರೀಯ ಶುದ್ಧ ಶಕ್ತಿ ನಿಧಿಯೂ ಏರ್ಪಟ್ಟಿತು. ದರವು 2014ರಲ್ಲಿ 100, 2015ರಲ್ಲಿ 200, 2016ರಲ್ಲಿ 400 ರೂಪಾಯಿಗಳಿಗೆ ಏರಿತು.

ಇನ್ನು ಲೆಕ್ಕವನ್ನು ನೋಡೋಣ. 2010-11ರಿಂದ 2017-18ರವರೆಗೆ ವಸೂಲಾದುದು ಸುಮಾರು 86 ಸಾವಿರ ಕೋಟಿ ರೂಪಾಯಿ. ನಿಧಿಗೆ ಸಂದಾಯವಾದುದು ಇದರ ಮೂರನೆಯ ಒಂದು ಭಾಗದಷ್ಟು. ಯೋಜನೆಗಳಿಗೆ ವಿನಿಯೋಗವಾದುದು ಸುಮಾರು 16 ಸಾವಿರ ಕೋಟಿ, ಎಂದರೆ ಐದರಲ್ಲಿ ಒಂದು ಪಾಲಿಗಿಂತಲೂ ಕಡಿಮೆ. ಮಿಕ್ಕುದು ಬೊಕ್ಕಸದ ಸಾಮಾನ್ಯ ಪ್ರವಾಹದಲ್ಲಿ ಸೇರಿಹೋಯಿತು.

2017ರ ಜುಲೈಯಲ್ಲಿ ಸರಕು ಮತ್ತು ಸೇವಾ ತೆರಿಗೆಯು ಬಂದಾಗ ಆ 400 ರೂಪಾಯಿಗಳು ರಾಜ್ಯಗಳ ಆದಾಯನಷ್ಟವನ್ನು ತುಂಬಿಕೊಡುವ ಪರಿಹಾರಕ್ಕೆ ತಿರುಗಿದವು. ಕರ್ನಾಟಕವೂ ಆ ಪರಿಹಾರವನ್ನು ಪಡೆದ ರಾಜ್ಯಗಳಲ್ಲೊಂದು. ಆದುದರಿಂದ ದೋಷವನ್ನು ದೆಹಲಿಯ ಮೇಲೆ ಮಾತ್ರ ಹೊರಿಸುವುದು ನ್ಯಾಯವಲ್ಲ. 2025ರ ಸೆಪ್ಟೆಂಬರಿನಲ್ಲಿ ಕಲ್ಲಿದ್ದಲಿನ ಮೇಲಿನ ಈ ಪರಿಹಾರ ಉಪಕರವೂ ರದ್ದಾಗಿ, ತೆರಿಗೆಯು ಶೇಕಡಾ 5ರಿಂದ 18ಕ್ಕೆ ಏರಿತು.

ಸೌರಶಕ್ತಿಯು ನಿಧಿಯ ನೆರವನ್ನು ಕಾದು ಕುಳಿತಿರಲಿಲ್ಲವೆಂದು ಕೆಲವರು ವಾದಿಸಬಹುದು. 2010ರಲ್ಲಿ ಯೂನಿಟ್ಟಿಗೆ ಹತ್ತು ರೂಪಾಯಿಗೂ ಮಿಕ್ಕಿದ್ದ ಅದರ ಬೆಲೆಯು 2017ರಲ್ಲಿ ರಾಜಸ್ಥಾನದ ಭಡ್ಲಾದ ಹರಾಜಿನಲ್ಲಿ 2.44 ರೂಪಾಯಿಗೆ ಇಳಿದುದು ನಿಜ. ಆದರೆ ಹಗಲಿನ ಶಕ್ತಿಯನ್ನು ಇರುಳಿಗೆ ಕೂಡಿಡುವ ವೆಚ್ಚವಿದೆ. ಝರಿಯಾ, ಕೋರ್ಬಾಗಳಂಥ ಗಣಿನಾಡುಗಳ ಕಾರ್ಮಿಕರು ನಾಳೆ ಯಾವ ಉದ್ಯೋಗವನ್ನು ನೆಚ್ಚಬೇಕೆಂಬ ಪ್ರಶ್ನೆಯಿದೆ. ಆ ಹಣಕ್ಕೆ ಇವೇ ಸಹಜವಾದ ವಾರಸುದಾರರು. ಒಂದು ಉದ್ದೇಶಕ್ಕೆಂದು ಜನರಿಂದ ಪಡೆದ ಹಣವು ಠೇವಣಿಯೇ ಹೊರತು ಆದಾಯವಲ್ಲ. ಈ ವಿವೇಕವನ್ನು ಮರೆತರೆ ಮುಂದಿನ ತೆರಿಗೆಯನ್ನು ನಂಬುವವರು ಯಾರು?