ಹಳೆಯ ಕಾರಿನ ಮೂಲವರ್ಣ

ಫೋರ್ಡ್ ಕಂಪನಿಯ ‘ಮಾಡೆಲ್ ಟಿ’ ಕಾರೆಂದರೆ ಕಪ್ಪು ಎಂಬುದು ಲೋಕರೂಢಿ. ಆದರೆ 1908ರಲ್ಲಿ ಅಮೆರಿಕೆಯಲ್ಲಿ ಹೊರಬಂದ ಈ ಕಾರಿಗೆ ಮೊದಲ ವರ್ಷಗಳಲ್ಲಿ ಕೆಂಪು, ಹಸಿರು, ಬೂದು ಬಣ್ಣಗಳಿದ್ದವು. ಕಪ್ಪೊಂದೇ ಉಳಿದದ್ದು ಸುಮಾರು 1914ರಿಂದ 1925ರವರೆಗೆ. 1926ರ ಮಾದರಿಗೆ ಮತ್ತೆ ಬಣ್ಣಗಳು ಬಂದವು. ಆದುದರಿಂದ 1909ರ ಕಾರೊಂದನ್ನು ಜೀರ್ಣೋದ್ಧಾರ ಮಾಡುವವರು ರೂಢಿಯನ್ನು ನಂಬಿ ಕಪ್ಪು ಬಳಿದರೆ, ಕಾರು ಹೊಳೆದೀತು, ಚರಿತ್ರೆ ಮಸುಕಾದೀತು.

ಹಾಗಾದರೆ ಮೂಲವರ್ಣವನ್ನು ಅರಸುವುದೆಲ್ಲಿ? ಬಿಸಿಲು ತಾಗದ ಸಂದುಗಳಲ್ಲಿ, ಬಿಚ್ಚಿದ ಬಿಡಿಭಾಗಗಳ ಅಡಿಯಲ್ಲಿ. ಅಲ್ಲಿಯೂ ಪದರಪದರವಾಗಿ ನವುರಾಗಿ ಉಜ್ಜಿ ನೋಡಬೇಕು. ಎಚ್ಚರವೂ ಬೇಕು: ಹಳೆಯ ವಾರ್ನಿಷು ಹಳದಿಗಟ್ಟಿ, ನೀಲಿಯನ್ನೇ ಹಸಿರೆಂದು ತೋರಿಸುವುದುಂಟು.

ಪ್ರಕ್ಷಿಪ್ತಗಳನ್ನು ಸರಿಸಿ ಮೂಲಪಾಠವನ್ನು ಅರಸುವ ಗ್ರಂಥಸಂಪಾದಕರ ಕೆಲಸವೂ ಇದೇ ಅಲ್ಲವೆ? ಅಂದವಾದ ಪಾಠವೆಲ್ಲ ನಿಜವಾದ ಪಾಠವಲ್ಲ. ಚರಿತ್ರೆಯನ್ನು ಕಾಯುವ ಶ್ರದ್ಧೆ ತಾಳೆಯೋಲೆಗೆ ಮಾತ್ರವಲ್ಲ, ತಗಡಿಗೂ ಸಲ್ಲಬೇಕೆಂದು ನಾನು ನಂಬಿದ್ದೇನೆ.